ಬಿಳಿಯುಟ್ಟವಳು ಬೇಯಿಸಿದ ಸೆಫ್ಫಾ

ತಯ್ಯಿಬ್ ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ ಎರಡನೆಯ ನಿಕಾಹ್ ಮಾಡಿಕೊಂಡು ಹನಿಯಾಳನ್ನು ಮನೆಗೆ ಕರೆತಂದ ದಿನ, ಮಗಳು ವಿದಾದ್ ಸೆಫ್ಫಾದ ಶಾವಿಗೆಯನ್ನು ಒಂದೇ ಸಲ ಹಬೆಗಿಟ್ಟು ಇಳಿಸಿಬಿಟ್ಟಳು. ಮೂರು ಸಲ ಇಡಬೇಕೆಂದು ಗೊತ್ತಿಲ್ಲದವಳಲ್ಲ. ಶುಭದ ದಿನ ಮನೆಯಲ್ಲಿ ಆ ಸಿಹಿ ಆಗಲೇಬೇಕೆಂದು ಸೋದರತ್ತೆ ರಖಿಯಾ ಹಟ ಹಿಡಿದಿದ್ದಕ್ಕೆ ಮಾಡಿದ್ದಳು, ಅಷ್ಟೆ. ಶಾವಿಗೆ ಮುದ್ದೆಮುದ್ದೆಯಾಗಿತ್ತು. ಅದರ ಮೇಲೆ ಸಕ್ಕರೆಪುಡಿ ಸುರಿದು, ದಾಲ್ಚಿನ್ನಿಯ ಗೆರೆ ಎಳೆದು, ದೊಡ್ಡ ತಟ್ಟೆಯನ್ನು ಮೇಜಿನ ನಡುವೆ ತಂದಿಟ್ಟಳು. ಎಲ್ಲರೂ ತಮ್ಮ ತಮ್ಮ ಕಡೆಯಿಂದ ಚಮಚ ಹಾಕಿದರು.

"ಚೆನ್ನಾಗಿದೆ," ಅಂದಳು ಹನಿಯಾ. ಆ ಮನೆಯಲ್ಲಿ ಅವಳಾಡಿದ ಮೊದಲ ಮಾತು ಅದು.

"ಚೆನ್ನಾಗಿದೆಯಂತೆ!" ರಖಿಯಾ ನಾಲಗೆಯಿಂದ ಹಲ್ಲು ಸವರಿಕೊಂಡಳು. "ನನ್ನ ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡು ಕೂತಿದೆ. ನಮ್ಮ ಝೊಹ್ರಾ ಇದ್ದಿದ್ರೆ..."

"ಅತ್ತೆ, ಮಜ್ಜಿಗೆ ಕುಡೀರಿ," ಎಂದು ತಯ್ಯಿಬನ ಮಗ ಜವಾದ್ ಲೋಟ ಮುಂದೆ ತಳ್ಳಿದ.

ಝೊಹ್ರಾ ತಯ್ಯಿಬನ ಮೊದಲ ಹೆಂಡತಿ, ವಿದಾದ್ ಮತ್ತು ಜವಾದರ ತಾಯಿ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಹೆಸರು ಕೇಳಿ ತಯ್ಯಿಬ್ ತಲೆಯೆತ್ತಿದ, ಏನೋ ಹೇಳಲು ಬಾಯಿ ತೆರೆದ. ವಿದಾದ್ ಲೋಟಗಳನ್ನು ಜೋಡಿಸಿಕೊಂಡು ಅಡಿಗೆಮನೆಗೆ ನಡೆದಳು.

ತಯ್ಯಿಬನಿಗೆ ಮೆಕ್ನೆಸ್‌ನ ಹಳೇ ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿಯಿತ್ತು. ಎರಡನೆಯ ಮದುವೆಯಾಗಿ ಮೂರು ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಅವನು ಅದೇ ಅಂಗಡಿಯಲ್ಲಿ, ಬಿಚ್ಚಿಟ್ಟ ಯಂತ್ರವೊಂದರ ಮೇಲೆ ತಲೆಯಿಟ್ಟು ಸತ್ತ. ಪಕ್ಕದ ಗುಂಡಿ ಅಂಗಡಿಯವನು ನಿದ್ದೆ ಮಾಡುತ್ತಿದ್ದಾನೆಂದು ತಿಳಿದು ಬಹಳ ಹೊತ್ತು ಎಬ್ಬಿಸಿರಲಿಲ್ಲ. ಮರುದಿನ ಮಣ್ಣಾಯಿತು. ಮೂರು ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನೆರೆಹೊರೆಯವರು ಕುಸ್‌ಕುಸ್, ಬೇಯಿಸಿದ ಕಡಲೆ, ರೊಟ್ಟಿ ತಂದಿಟ್ಟರು. ವಿದಾದ್ ಪಾತ್ರೆಗಳನ್ನು ತೊಳೆದು, ಯಾವುದು ಯಾರದೆಂದು ನೆನಪಿಟ್ಟುಕೊಂಡು ಹಿಂದಿರುಗಿಸಿದಳು. ಅಳಲಿಲ್ಲ. ನಾಲ್ಕನೆಯ ದಿನ ಔಷಧಿ ಅಂಗಡಿಯ ಕೆಲಸಕ್ಕೆ ಹೋದಳು. ಬಂದವರು ಸಂತಾಪ ಹೇಳಿದರು. ಅವರಿಗೆಲ್ಲ ಒಳ್ಳೆಯದಾಗಲಿ ಅಂದು ಕೆಮ್ಮಿನ ಔಷಧಿ, ಹೊಟ್ಟೆನೋವಿನ ಗುಳಿಗೆ ಕೊಟ್ಟು ಕಳಿಸಿದಳು.

ರಖಿಯಾ ತಾನು ವಿಧವೆಯಾದಾಗ ತೊಟ್ಟಿದ್ದ ಬಿಳಿ ಜಲ್ಲಾಬಾ ನಿಲುವಂಗಿ, ಬಿಳಿ ತಲೆವಸ್ತ್ರ, ಬಿಳಿ ಕಾಲುಚೀಲಗಳನ್ನು ಪೆಟ್ಟಿಗೆಯಿಂದ ತೆಗೆದು ಹನಿಯಾಳಿಗೆ ಕೊಟ್ಟಿದ್ದಳು. ರಖಿಯಾ ಆಳೆತ್ತರದ ಹೆಂಗಸು. ಹನಿಯಾ ಆ ಬಟ್ಟೆಯ ತೋಳುಗಳನ್ನು ಎರಡು ಮಡಿಕೆ ಮಡಚಿಕೊಂಡು ಓಡಾಡಿದಳು.

"ಇವರು ಇಲ್ಲಿ ಎಷ್ಟು ದಿನ ಇರ್ತಾರೆ ಅತ್ತೆ?" ವಿದಾದ್ ಒಂದು ಸಂಜೆ ಬಟಾಣಿ ಸುಲಿಯುತ್ತ ಕೇಳಿದಳು.

"ಇದೇನು ಕೇಳೋ ಮಾತಾ? ಇದ್ದತ್ ಮುಗಿಯೋವರೆಗೆ. ನಾಲ್ಕು ತಿಂಗಳು ಚಿಲ್ಲರೆ. ಗಂಡ ಸತ್ತ ಮನೇಲೇ ಕೂರಬೇಕು, ಹೊರಗೆ ಹೋಗೋ ಹಾಗಿಲ್ಲ, ಬಣ್ಣ ಉಡೋ ಹಾಗಿಲ್ಲ, ಅತ್ತರು ಮುಟ್ಟೋ ಹಾಗಿಲ್ಲ."

"ನಮಗೆ ಅವರು ಯಾರು ಅಂತಾನೇ ಗೊತ್ತಿಲ್ಲ."

"ಅವಳಿಗೆ ನೀವು ಯಾರು ಅಂತ ಗೊತ್ತಾ? ಸುಮ್ಮನೆ ಸುಲಿ."

ಹನಿಯಾ ಅಡಿಗೆಮನೆಯ ಬಾಗಿಲಲ್ಲೇ ಇದ್ದಳು. ಬಂದು, ಸಿಪ್ಪೆಯ ಬುಟ್ಟಿಯನ್ನು ಎತ್ತಿಕೊಂಡು ಹೋದಳು.

ಅವಳ ವಯಸ್ಸು ಐವತ್ತರ ಹತ್ತಿರ. ಎಲ್ ಹಜೆಬ್ ಕಡೆಯ ಹಳ್ಳಿಯವಳು. ಮೊದಲ ಗಂಡ ಮಕ್ಕಳಾಗಲಿಲ್ಲವೆಂದು ಬಿಟ್ಟಿದ್ದ. ಆಮೇಲೆ ಅಣ್ಣ ಹಮ್ಮಾದಿಯ ಮನೆಯಲ್ಲಿ ಅವನ ಮಕ್ಕಳನ್ನು ಸಾಕುತ್ತ ಇದ್ದವಳು. ಇಷ್ಟನ್ನು ವಿದಾದ್ ತಿಳಿದುಕೊಂಡಿದ್ದು ರಖಿಯಾಳಿಂದ. ನೇರವಾಗಿ ಕೇಳಿರಲಿಲ್ಲ.

ವಾರಗಳು ಹಾಗೇ ಹೋದವು. ಬೆಳಿಗ್ಗೆ ಹನಿಯಾ ಹಿಟ್ಟು ನಾದುತ್ತಿದ್ದಳು. ವಿದಾದ್ ಕೆಲಸಕ್ಕೆ ಹೋಗುವ ಮುಂಚೆ ಅದನ್ನು ಹಲಗೆಯ ಮೇಲೆ ಓಣಿಯ ಕೊನೆಯಲ್ಲಿ ಎಲ್ಲರ ರೊಟ್ಟಿ ಬೇಯಿಸಿಕೊಡುವ ಒಲೆಮನೆಗೆ ಒಯ್ದು ಕೊಡುತ್ತಿದ್ದಳು. ತರಕಾರಿ ತರುವುದು ಜವಾದನ ಪಾಲಿಗೆ ಬಿತ್ತು. ಅವನು ಒಂದು ದಿನ ಬಲಿತ ಕುಂಬಳ ತಂದ, ಇನ್ನೊಂದು ದಿನ ಟೊಂಗೆಯಂತಿದ್ದ ಮೂಲಂಗಿ ತಂದ. ಹನಿಯಾ ಏನೂ ಅನ್ನದೆ ಅದನ್ನೇ ಬೇಯಿಸಿದಳು. ಒಂದೇ ತಟ್ಟೆಯ ಸುತ್ತ ನಾಲ್ವರೂ ಕೂತು ರೊಟ್ಟಿ ಅದ್ದಿ ತಿಂದರು. ಹನಿಯಾ ತನ್ನ ಮುಂದಿದ್ದ ಮಾಂಸದ ತುಂಡನ್ನು ಯಾವಾಗಲೂ ಜವಾದನ ಕಡೆಗೆ ಸರಿಸುತ್ತಿದ್ದಳು. ಅವನು ಮೊದಲ ದಿನ ಬೇಡವೆಂದ, ಆಮೇಲೆ ಅಭ್ಯಾಸವಾಯಿತು.

ಜವಾದನಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ಇಕ್ರಾಮ್, ಹೊಸ ಪೇಟೆಯವಳು. ಅಪ್ಪ ಸತ್ತಿದ್ದರಿಂದ ಮುಂದೂಡಬೇಕೆಂದು ರಖಿಯಾ, ಬೇಡವೆಂದು ಹುಡುಗಿಯ ತಾಯಿ. ಕಡೆಗೆ ವಾದ್ಯ, ಹಾಡು ಏನೂ ಇಲ್ಲದೆ, ಮುಂದಿನ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಮನೆಯಲ್ಲೇ ಸಣ್ಣದಾಗಿ ಮುಗಿಸುವುದೆಂದು ತೀರ್ಮಾನವಾಯಿತು.

"ಕೋಣೆ ಏನು ಮಾಡೋದು?" ಜವಾದ್ ಊಟವಾದ ಮೇಲೆ ಅಕ್ಕನನ್ನು ಅಂಗಳಕ್ಕೆ ಕರೆದು ಕೇಳಿದ. "ನನ್ನ ಕೋಣೇಲಿ ಮಂಚ ಹಾಕಿದ್ರೆ ಬಾಗಿಲು ತೆಗೆಯಕ್ಕಾಗಲ್ಲ. ಅಪ್ಪನ ಕೋಣೇನೇ ದೊಡ್ಡದು."

"ಅಲ್ಲಿ ಅವರಿದಾರಲ್ಲ."

"ಇದಾರೆ. ಅದಕ್ಕೇ ಕೇಳ್ತಿರೋದು. ನೀನು ಒಂದು ಮಾತು ಹೇಳು."

"ನೀನೇ ಹೇಳು. ಮದುವೆ ನಿಂದು."

"ನನಗೆ ಬಾಯಿ ಬರಲ್ಲ ಅಕ್ಕ. ದಿನಾ ನನ್ನ ಕಡೆಗೆ ಮಾಂಸ ಸರಿಸ್ತಾರೆ."

"ಹಂಗಾದ್ರೆ ಬಾಗಿಲು ತೆಗೆಯದೇ ಇರೋ ಕೋಣೇಲಿ ಇರು."

ಮರುದಿನ ವಿದಾದ್ ಕೆಲಸದಿಂದ ಬಂದಾಗ ಅಪ್ಪನ ಕೋಣೆ ಖಾಲಿಯಾಗಿತ್ತು. ನೆಲ ಒರೆಸಿ ಇನ್ನೂ ಒದ್ದೆ. ಅಪ್ಪನ ಬಟ್ಟೆಗಳು ಮಡಿಸಿ ಒಂದು ಮೂಲೆಯಲ್ಲಿ, ಅವನ ಕನ್ನಡಕ ಅವುಗಳ ಮೇಲೆ. ಹನಿಯಾಳ ಹಾಸಿಗೆ ಅಡಿಗೆಮನೆ ಪಕ್ಕದ ಉಗ್ರಾಣದಲ್ಲಿ, ಎಣ್ಣೆ ಡಬ್ಬಗಳ ನಡುವೆ ಹಾಸಿತ್ತು.

"ಯಾರು ಹೇಳಿದ್ರು ನಿಮಗೆ ಇದನ್ನ ಮಾಡಕ್ಕೆ?" ವಿದಾದಳ ಧ್ವನಿ ಏರಿತು. ತಾನು ಯಾಕೆ ಕೂಗುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

"ಯಾರೂ ಹೇಳಲಿಲ್ಲ. ಗೋಡೆ ತೆಳು."

"ಒಂದು ಮಾತು ಕೇಳಬಾರದಿತ್ತಾ? ಅವು ನಮ್ಮಪ್ಪನ ಬಟ್ಟೆ!"

"ಅದಕ್ಕೇ ಒಗೀಲಿಲ್ಲ," ಅಂದಳು ಹನಿಯಾ. "ಮಡಿಸಿಟ್ಟಿದೀನಿ, ಅಷ್ಟೆ. ನಿನಗೆ ಬೇಕಾಗಬಹುದು ಅಂತ."

ರಖಿಯಾ ಒಳಗಿನಿಂದ ಕೂಗಿದಳು. "ಏನೇ ಅದು ಗಲಾಟೆ? ಸೂಪು ಆರಿಹೋಗ್ತಿದೆ."

ಅವರು ಹೋಗಿ ಸೂಪು ಕುಡಿದರು. ಬಟ್ಟೆಗಳನ್ನು ವಿದಾದ್ ತನ್ನ ಬೀರುವಿಗೆ ತುಂಬಿಕೊಂಡಳು, ಮೂಸಿ ನೋಡಲಿಲ್ಲ.

ಮದುವೆಗೆ ವಾರವಿದೆಯೆನ್ನುವಾಗ, ಅಂದಿನ ಊಟಕ್ಕೆಂದು ಗೊತ್ತುಮಾಡಿದ್ದ ಅಡಿಗೆಯವಳ ಜೊತೆ ರಖಿಯಾ ಜಗಳ ತೆಗೆದಳು. ಆ ಹೆಂಗಸು ಸೆಫ್ಫಾಕ್ಕೆ ಬೆಣ್ಣೆಯ ಬದಲು ಎಣ್ಣೆ ಸಾಕೆಂದಿದ್ದಳಂತೆ. "ನಿಮ್ಮಮ್ಮನ ಮದುವೆಗೆ ಹಾಕಿಕೋ ಎಣ್ಣೆ" ಎಂದು ರಖಿಯಾ ಬಾಗಿಲು ಹಾಕಿ ಬಂದಿದ್ದಳು. ಕೋಳಿಯನ್ನು ನೆರೆಯ ಬಾಣಸಿಗನೊಬ್ಬ ಮಾಡಿಕೊಡಲು ಒಪ್ಪಿದ. ಸೆಫ್ಫಾ ಉಳಿಯಿತು.

"ನಾನು ಮಾಡ್ತಿದ್ದೆ," ಅಂದಳು ರಖಿಯಾ, "ಈ ಮಣಿಕಟ್ಟು ಸರಿಯಿದ್ದಿದ್ರೆ. ಬಿಸಿ ಶಾವಿಗೇನ ಬೆರಳಲ್ಲಿ ಬಿಡಿಸೋದು ಅಂದ್ರೆ ತಮಾಷೆಯಲ್ಲ. ನೀನು ಮಾಡ್ತೀಯಾ ವಿದಾದ್?"

ಜವಾದ್ ತಕ್ಷಣ ಹೇಳಿದ. "ಬೇಡ ಅತ್ತೆ. ಹೋದ ಸಲ ಮಾಡಿದ್ದು ಇನ್ನೂ ಹೊಟ್ಟೇಲಿದೆ."

ವಿದಾದ್ ಅವನನ್ನು ನೋಡಿದಳು, ಆಮೇಲೆ ಅಡಿಗೆಮನೆಯ ಕಡೆಗೆ ನೋಡಿದಳು. "ಅವರನ್ನ ಕೇಳಿ."

"ಯಾರನ್ನ? ಬಿಳಿಯುಟ್ಟವಳನ್ನಾ? ಮದುವೆ ಸಿಹಿಗೆ?" ರಖಿಯಾ ಸ್ವರ ತಗ್ಗಿಸಿದಳು. "ಹುಡುಗಿ ಕಡೆಯವರು ಏನಂತಾರೆ? ಸಾವಿನ ಮನೆ ಕೈ ಸಕ್ಕರೆಗೆ ಬಿತ್ತು ಅನ್ನಲ್ವಾ?"

"ನಾವೆಲ್ಲ ಸಾವಿನ ಮನೆಯವರೇ ಅಲ್ವಾ ಅತ್ತೆ? ಅಥವಾ ಅವರೊಬ್ಬರೇನಾ?"

ಸಂಜೆ ರಖಿಯಾ ತಾನೇ ಹೋಗಿ ಹನಿಯಾಳನ್ನು ಕೇಳಿದಳು. ಹನಿಯಾ "ಶಾವಿಗೆ ಸಣ್ಣದು ತರಿಸಿ" ಎಂದಷ್ಟೇ ಹೇಳಿದಳು.

ಆ ಶುಕ್ರವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ಅವರಿಬ್ಬರೇ. ಹನಿಯಾ ಒಣ ಶಾವಿಗೆಗೆ ಎಣ್ಣೆ ಸವರಿ, ತೂತಿನ ಪಾತ್ರೆಗೆ ತುಂಬಿ, ಕುದಿವ ನೀರಿನ ಮೇಲೆ ಕೂರಿಸಿದಳು. ಎರಡು ಪಾತ್ರೆ ಸೇರುವಲ್ಲಿ ಹಬೆ ಸೋರದಂತೆ ಒದ್ದೆ ಬಟ್ಟೆ ಸುತ್ತಿದಳು. ಹಬೆ ಮೇಲೆದ್ದು ಬಂದ ಮೇಲೆ ಇಳಿಸಿ, ಅಗಲ ತಟ್ಟೆಗೆ ಸುರಿದು, ಉಪ್ಪುನೀರು ಚಿಮುಕಿಸಿ, ಬೆರಳುಗಳಿಂದ ಎಳೆಎಳೆಯಾಗಿ ಬಿಡಿಸಿದಳು. ಮತ್ತೆ ಹಬೆ. ಮತ್ತೆ ಬಿಡಿಸುವುದು. ಬೆರಳ ತುದಿಗಳು ಕೆಂಪಗಾದವು. ಬಿಳಿ ತೋಳು ಜಾರುತ್ತಿತ್ತು. ವಿದಾದ್ ಒಂದು ಸಲ ಬಗ್ಗಿ ಅದನ್ನು ಮೇಲಕ್ಕೆ ಮಡಚಿದಳು. ಮೂರನೆಯ ಸಲ ಇಳಿಸುವ ಹೊತ್ತಿಗೆ ಶಾವಿಗೆ ಒಂದಕ್ಕೊಂದು ಅಂಟದೆ ಮರಳಿನಂತೆ ಸುರಿಯುತ್ತಿತ್ತು. ಬೆಣ್ಣೆ ಹಾಕಿದಳು. ವಿದಾದ್ ಹುರಿದ ಬಾದಾಮಿ ಕುಟ್ಟಿದಳು.

ಕಿತ್ತಳೆ ಹೂವಿನ ನೀರಿನ ಬಾಟಲಿ ಕಪಾಟಿನಲ್ಲಿತ್ತು. ಹನಿಯಾ ಅದರತ್ತ ಕೈ ಚಾಚಲಿಲ್ಲ.

"ಅದನ್ನ ನೀನು ಹಾಕು. ಘಮದ್ದು ನಾನು ಮುಟ್ಟೋ ಹಾಗಿಲ್ಲ."

"ಅಡಿಗೇಗೂ?"

"ಇರಬಹುದು, ಇಲ್ಲದೇ ಇರಬಹುದು. ಯಾರ ಬಾಯಿಗೂ ಬೀಳೋದು ಬೇಡ."

ವಿದಾದ್ ಬಾಟಲಿ ತೆಗೆದಳು. "ಎಷ್ಟು ಹಾಕಲಿ?"

"ನಿಮ್ಮಮ್ಮ ಎರಡು ಮುಚ್ಚಳ ಹಾಕ್ತಿದ್ರಂತೆ. ಒಂದು ಬಾದಾಮಿಗೆ, ಒಂದು ಬೆಣ್ಣೆಗೆ."

ವಿದಾದಳ ಕೈ ನಿಂತಿತು. "ನಿಮಗೆ ಯಾರು ಹೇಳಿದ್ರು?"

"ನಿಮ್ಮಪ್ಪ." ಹನಿಯಾ ಸಕ್ಕರೆ ಜರಡಿ ಹಿಡಿಯತೊಡಗಿದಳು. "ಹಾಕು, ಶಾವಿಗೆ ಆರಿಬಿಡುತ್ತೆ."

ಅವಳು ಹಾಕಿದಳು. ಇನ್ನೇನಾದರೂ ಕೇಳಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ನೆಂಟರ ಸದ್ದಾಯಿತು.

ಊಟ ಚೆನ್ನಾಗಿಯೇ ಆಯಿತು. ಕೋಳಿಯ ನಂತರ ಸೆಫ್ಫಾದ ಗುಡ್ಡ ಬಂದಾಗ ಇಕ್ರಾಮಳ ತಾಯಿ ಎರಡು ಸಲ ಚಮಚ ಹಾಕಿ ಹುಬ್ಬೇರಿಸಿದಳು. "ಯಾರ ಕೈ ಇದು? ನಮ್ಮ ದೊಡ್ಡ ಮಗಳ ಮದುವೇಲೂ ಇಷ್ಟು ಚೆನ್ನಾಗಿರಲಿಲ್ಲ."

ಅಡಿಗೆಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹನಿಯಾ ಪಾತ್ರೆ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು.

"ಹೊರಗಿನಿಂದ ಒಬ್ಬ ಅಡಿಗೆಯವಳನ್ನ ಕರೆಸಿದ್ವಿ," ಅಂದಳು ರಖಿಯಾ.

ಉಜ್ಜುವ ಸದ್ದು ನಿಂತಿತು, ಮತ್ತೆ ಶುರುವಾಯಿತು. ಜವಾದ್ ತಟ್ಟೆಯನ್ನು ನೋಡುತ್ತ ಕೂತ. ವಿದಾದ್ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ನೆಂಟರೆಲ್ಲ ಹೋದ ಮೇಲೆ ಒಂದು ಬಟ್ಟಲು ಸೆಫ್ಫಾ ತೆಗೆದುಕೊಂಡು ಉಗ್ರಾಣದ ಬಾಗಿಲಿಗೆ ಹೋದಳು.

"ಹಸಿವಿಲ್ಲ," ಅಂದಳು ಹನಿಯಾ. "ಬೆಳಿಗ್ಗೆಯಿಂದ ಅದರ ಹಬೇನೇ ಕುಡಿದಿದೀನಿ. ಮುಚ್ಚಿಡು."

ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ವಿದಾದಳಿಗೆ ಸುಲಭವಾಗುತ್ತಿತ್ತೇನೋ. ಬಟ್ಟಲು ಮುಚ್ಚಿಟ್ಟಳು. ಎರಡು ದಿನವಾದ ಮೇಲೆ ಅದನ್ನು ಇಕ್ರಾಮ್ ಬೆಳಗಿನ ಚಹಾದ ಜೊತೆ ತಿಂದು ಮುಗಿಸಿದಳು.

ಇಕ್ರಾಮ್ ಮನೆಗೆ ಹೊಂದಿಕೊಂಡಳು. ಒಳ್ಳೆಯ ಹುಡುಗಿ, ಅಡಿಗೆ ಬಾರದು. ಮೊಟ್ಟೆ ಬೇಯಿಸಲು ಹೋಗಿ ನೀರಿಡುವುದನ್ನೇ ಮರೆತಳು. "ನಿಮ್ಮ ಹನಿಯಾ ಇಲ್ಲದಿದ್ರೆ ನಾವೆಲ್ಲ ಉಪವಾಸ" ಎಂದು ನಗುತ್ತಿದ್ದಳು. ರಖಿಯಾಳೂ ಈಗ ಮಾತಿನ ಧಾಟಿ ಬದಲಿಸಿದ್ದಳು. "ಇದ್ದತ್ ಮುಗಿದ ಮೇಲೂ ಅವಳು ಇಲ್ಲೇ ಇದ್ರೆ ಏನಂತೆ? ಉಗ್ರಾಣ ಇದೆ. ನೀನು ಕೆಲಸಕ್ಕೆ ಹೋಗ್ತೀಯ, ಇವಳಿಗೆ ಒಲೆ ಹಚ್ಚೋದು ಬರಲ್ಲ. ಯಾರಾದ್ರೂ ಬೇಕಲ್ಲ."

"ಯಾರಾದ್ರೂ," ಅಂದಳು ವಿದಾದ್.

"ಏನೇ ಹಂಗಂದ್ರೆ?"

"ಏನಿಲ್ಲ ಅತ್ತೆ."

ಆ ಮಾತು ಹನಿಯಾಳ ಕಿವಿಗೂ ಬಿತ್ತು. ಅವಳು ಅಣ್ಣನಿಗೆ ಫೋನು ಮಾಡಿಸಿ, ಇದ್ದತ್ ಮುಗಿದ ಮರುದಿನ ಬಂದು ಕರೆದೊಯ್ಯಲು ಹೇಳಿದಳು.

ಬಿಳಿ ಕಳೆಯುವ ದಿನ ಹೆಂಗಸು ಹಮಾಮಿಗೆ, ಪೇಟೆಯ ಬಿಸಿನೀರಿನ ಸ್ನಾನದ ಮನೆಗೆ, ಹೋಗಬೇಕು. ಅಷ್ಟು ತಿಂಗಳಲ್ಲಿ ಹನಿಯಾ ಹೊಸಿಲು ದಾಟುವುದು ಅದೇ ಮೊದಲು. ರಖಿಯಾಳಿಗೆ ಮಂಡಿ ನೋವು, ಇಕ್ರಾಮ್ ತವರಿಗೆ ಹೋಗಿದ್ದಳು. ಬೆನ್ನುಜ್ಜಲು ಒಬ್ಬರಾದರೂ ಬೇಕು. ವಿದಾದ್ ಬಕೆಟ್ಟು, ಕಪ್ಪು ಸೋಪು, ಮೈಯುಜ್ಜುವ ಒರಟು ಕೈಗವಸು ಎತ್ತಿಕೊಂಡು ಜೊತೆಗೆ ಹೊರಟಳು.

ಒಳಗೆ ಮಧ್ಯಾಹ್ನದ ಹೊತ್ತಾದ್ದರಿಂದ ಜನ ಕಮ್ಮಿ. ಹನಿಯಾ ಬೆನ್ನು ತಿರುಗಿಸಿ ಕೂತಳು. ವಿದಾದ್ ಉಜ್ಜತೊಡಗಿದಳು. ಸಣ್ಣ ಬೆನ್ನು, ಮೂಳೆ ಎಣಿಸುವ ಹಾಗಿತ್ತು.

"ನೋಯ್ತಿದೆಯಾ?"

"ಇಲ್ಲ, ಇನ್ನೂ ಗಟ್ಟಿಯಾಗಿ ಉಜ್ಜು."

ಆಮೇಲೆ ವಿದಾದ್ ಕೇಳಿದಳು.

"ಅಮ್ಮನ ವಿಷಯ ಅಪ್ಪ ಇನ್ನೇನು ಹೇಳ್ತಿದ್ದ?"

"ಎಲ್ಲಾನೂ. ಅದೊಂದೇ ಹೇಳ್ತಿದ್ದದ್ದು." ಹನಿಯಾ ತಿರುಗಲಿಲ್ಲ. "ನೀನು ಹುಟ್ಟಿದಾಗ ನಿಮ್ಮಮ್ಮ ಹೆರಿಗೆ ಕೋಣೆಯಿಂದ ಕಳಿಸಿದ ಮೊದಲ ಮಾತು, ಅಂಗಡಿ ಬಾಗಿಲು ಹಾಕಿಬಂದ್ಯಾ ಅಂತ. ಆಮೇಲೆ ಒಂದು ಸಲ ನಿಮ್ಮಮ್ಮ ಸಿಟ್ಟಲ್ಲಿ ಅವರ ಸ್ಕ್ರೂ ಡಬ್ಬಾನೆಲ್ಲ ಬೇಳೆಗೆ ಸುರಿದಿದ್ರಂತೆ. ಇಬ್ಬರೂ ಕೂತು ಆರಿಸಿದ್ರಂತೆ. ಹೇಳಿ ನಗೋರು."

"ನಿಮಗೆ ಬೇಜಾರಾಗ್ತಿರಲಿಲ್ವಾ?"

"ಮೊದಮೊದಲು ಆಯ್ತು. ಮದುವೆಯಾಗಿ ಬಂದು ಇನ್ನೊಬ್ಬಳ ಕಥೆ ಕೇಳೋದು ಅಂದ್ರೆ ಯಾರಿಗಾಗಲ್ಲ? ಒಂದು ದಿನ ಕೇಳೇಬಿಟ್ಟೆ, ಇದನ್ನ ಮಕ್ಕಳ ಹತ್ರ ಹೇಳಬಾರದಾ ಅಂತ. ಅದಕ್ಕೆ ಅವರು, ನಾನು ಝೊಹ್ರಾ ಹೆಸರೆತ್ತಿದ್ರೆ ಮಕ್ಕಳು ಎದ್ದು ಹೋಗ್ತಾರೆ, ಅವರಿಗೆ ನೋವಾಗುತ್ತೆ, ಅದಕ್ಕೇ ನಿನ್ನ ಕರ್ಕೊಂಡು ಬಂದೆ ಅಂದ್ರು."

ವಿದಾದಳ ಕೈ ಹನಿಯಾಳ ಭುಜದ ಮೇಲೆ ನಿಂತಿತು. ತಟ್ಟೆ ಲೋಟ ಎತ್ತಿಕೊಂಡು ತಾನು ಎಷ್ಟು ಸಲ ಎದ್ದುಹೋಗಿದ್ದೆನೆಂದು ಲೆಕ್ಕ ಹಾಕಲು ನೋಡಿದಳು. ಆಗಲಿಲ್ಲ. ಬಿಸಿನೀರು ತೆಗೆದು ಮುಖಕ್ಕೆ ಸುರಿದುಕೊಂಡಳು. ಅಳು ಬಂದರೆ ಬರಲಿ ಎಂದು ಕಾದಳು. ಬರಲಿಲ್ಲ.

"ಆ ದಿನ ಇಕ್ರಾಮಳ ತಾಯಿ ಕೇಳಿದಾಗ, ನಿಮ್ಮ ಕೈ ಅಂತ ನಾನು ಹೇಳಬೇಕಿತ್ತು."

"ಹೇಳಿದ್ರೆ ನಿಮ್ಮತ್ತೆ ಮರ್ಯಾದೆ ಹೋಗ್ತಿತ್ತು."

"ಆದ್ರೂ."

"ಆದ್ರೂ ಹೇಳಬೇಕಿತ್ತು," ಅಂದಳು ಹನಿಯಾ. ನೀರು ಸುರಿದುಕೊಂಡಳು.

"ಅಣ್ಣನ ಮನೇಲಿ ನಿಮಗೆ ಕೋಣೆ ಇದೆಯಾ?"

"ಮಕ್ಕಳ ಜೊತೆ ಮಲಗ್ತೀನಿ. ಅವರೀಗ ದೊಡ್ಡವರಾಗಿದಾರೆ, ಕಾಲು ಉದ್ದ ಆಗಿದೆ."

"ಹೋಗಬೇಡಿ." ವಿದಾದ್ ಕೈಗವಸು ಹಿಂಡುತ್ತ ಹೇಳಿದಳು. "ಅಡಿಗೆಗಲ್ಲ. ಅಡಿಗೆ ನಾನು ಕಲೀತೀನಿ. ಉಗ್ರಾಣದಲ್ಲೂ ಬೇಡ. ನನ್ನ ಕೋಣೇಲಿ ಇನ್ನೊಂದು ಹಾಸಿಗೆ ಹಿಡಿಯುತ್ತೆ. ಆ ಬೇಳೆ ಸ್ಕ್ರೂ ಕಥೆ ನನಗೆ ಗೊತ್ತೇ ಇರಲಿಲ್ಲ."

"ತಿರುಗು, ನಿನ್ನ ಬೆನ್ನು ಕೊಡು," ಅಂದಳು ಹನಿಯಾ.

ಮರುದಿನ ಬೆಳಿಗ್ಗೆ ಹಮ್ಮಾದಿ ಈರುಳ್ಳಿ ಸಾಗಿಸುವ ವ್ಯಾನು ತಂದು ಓಣಿಯ ಬಾಯಲ್ಲಿ ನಿಲ್ಲಿಸಿದ. ಅಗಲ ಎದೆಯ, ಮಾತಿನಲ್ಲಿ ಒರಟಾದ ಮನುಷ್ಯ. ಬಾಗಿಲಲ್ಲಿ ವಿದಾದಳನ್ನು ಕಂಡು ಕೇಳಿದ. "ಎಲ್ಲಿ ಅವಳ ಬ್ಯಾಗು? ಬಿಸಿಲೇರೋ ಮುಂಚೆ ಹೊರಡಬೇಕು."

"ಹೋಗಬೇಡಿ ಅಂತ ನಾನು ಕೇಳ್ಕೊಂಡಿದೀನಿ. ಅವರಿನ್ನೂ ಏನೂ ಹೇಳಿಲ್ಲ."

"ಯಾಕೆ, ಅಡಿಗೆಗೆ ಆಳು ಸಿಗಲಿಲ್ವಾ ನಿಮಗೆ?"

ವಿದಾದಳಿಗೆ ಮುಖ ಬಿಸಿಯಾಯಿತು. ಹಿಂದಿನಿಂದ ರಖಿಯಾ ಬಂದು ನಿಂತಳು. "ಅಯ್ಯಾ, ಒಳಗೆ ಬಾ. ಬಾಗಿಲಲ್ಲಿ ನಿಂತು ಜಗಳ ಆಡೋಕೆ ನಾವೇನು ಈರುಳ್ಳಿ ಕೊಳ್ಳೋರಾ? ನಿನ್ನ ತಂಗೀನೇ ಕೇಳು."

ಹನಿಯಾ ಅಡಿಗೆಮನೆಯಿಂದ ಬಂದಳು. ಅವಳ ಮೈಮೇಲೆ ಕಂದು ಬಣ್ಣದ ಜಲ್ಲಾಬಾ ಇತ್ತು. ಅವಳ ಅಳತೆಯದೇ. ಎರಡೂ ಕೈ ಮೊಣಕೈವರೆಗೆ ಹಿಟ್ಟಾಗಿತ್ತು.

"ಹೊರಡೋಣ್ವಾ?" ಅಂದ ಹಮ್ಮಾದಿ.

"ಹಿಟ್ಟು ನಾದಿಟ್ಟಿದೀನಿ ಅಣ್ಣಾ."

"ಅಂದ್ರೆ?"

"ಅಂದ್ರೆ ರೊಟ್ಟಿ ಆಗೋ ತನಕ ಕೂತ್ಕೋ. ಬಿಸಿಬಿಸಿ ತಿಂದ್ಕೊಂಡು ಹೋಗು."

"ನೀನು?"

"ನಾನು ಇಲ್ಲೇ ತಿಂತೀನಿ."

ಹಮ್ಮಾದಿ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದ. ಡೀಸೆಲ್ಲು ದಂಡವಾಯಿತೆಂದು ಗೊಣಗುತ್ತ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತ. ರಖಿಯಾ ಅವನಿಗೆ ಚಹಾ ಬಗ್ಗಿಸಿದಳು.

ವಿದಾದ್ ಹಲಗೆಯ ಮೇಲೆ ಹಿಟ್ಟಿನ ಬಿಲ್ಲೆಗಳನ್ನು ಜೋಡಿಸಿ, ಬಟ್ಟೆ ಮುಚ್ಚಿ, ಒಲೆಮನೆಗೆ ಹೊರಟಳು. ಅಲ್ಲಿ ಬೆಳಗಿನ ಸಾಲು ಉದ್ದಕ್ಕಿತ್ತು. ಒಳಗಿನಿಂದ ಸೌದೆಯ ಹೊಗೆ, ಬೇಯುತ್ತಿದ್ದ ರೊಟ್ಟಿಯ ವಾಸನೆ ಬರುತ್ತಿತ್ತು. ಸಾಲಿನಲ್ಲಿ ನಿಂತಿದ್ದ ಹಾಗೆಯೇ ಅವಳಿಗೆ ಅಳು ಬಂತು. ಅಪ್ಪ ಸತ್ತ ಮೇಲೆ ಅದೇ ಮೊದಲು. ಎರಡೂ ಕೈಯಲ್ಲಿ ಹಲಗೆ ಇದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ, ಮುಖ ಮುಚ್ಚಿಕೊಳ್ಳಲೂ ಆಗಲಿಲ್ಲ. ಹಾಗೇ ನಿಂತು ಅತ್ತಳು. ಮುಂದಿದ್ದ ಹೆಂಗಸು ತಿರುಗಿ ನೋಡಿದಳು. ಏನಾಯಿತೆಂದು ಕೇಳಲಿಲ್ಲ. ಪಕ್ಕಕ್ಕೆ ಸರಿದು, ತನ್ನ ಸರದಿ ಅವಳಿಗೆ ಬಿಟ್ಟುಕೊಟ್ಟಳು.